ಓದುಗರ ಪ್ರಶ್ನೆ, ಸುಬೇದಾರರ ಉತ್ತರ: ಅಜ್ಜ ಯಾವ ಕ್ಯಾಂಪಿನಲ್ಲಿದ್ದರು?

ಹಳೆಯ ಯುದ್ಧಗಳಲ್ಲಿ ಸೆರೆ ಸಿಕ್ಕ ಸೈನಿಕರ ವಿಚಾರ ಕೇಳುವುದಿದ್ದರೆ ಬರೆಯಿರಿ ಎಂದು ಹಿಂದಿನ ಸಂಚಿಕೆಯ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ಬಂದ ಟಪಾಲು ನೋಡಿ ಸಂಪಾದಕರು ಈ ಸಲ ಪಿಂಚಣಿ, ಕ್ಯಾಂಟೀನ್ ಕಾರ್ಡಿನ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಪೂರ್ತಿ ಜಾಗವನ್ನು ಇದಕ್ಕೇ ಬಿಟ್ಟಿದ್ದಾರೆ. ನನ್ನ ನೌಕರಿಯೆಲ್ಲ ಕಳೆದದ್ದು ಸೇನೆಯ ದಾಖಲೆ ಕಚೇರಿಯಲ್ಲಿ, ಗುಮಾಸ್ತನಾಗಿ. ಬಂದೂಕಿಗಿಂತ ಕಾರ್ಬನ್ ಕಾಗದ ಹಿಡಿದದ್ದೇ ಹೆಚ್ಚು. ಆದ್ದರಿಂದ ಶೌರ್ಯದ ಕಥೆ ಬೇಕಾದವರು ಪುಟ ತಿರುವಬಹುದು. ನನ್ನ ಹತ್ತಿರ ಇರುವುದು ನಂಬರು, ಪಲ್ಟಣ, ಊರು, ತಾರೀಖು ಅಷ್ಟೇ. ಪತ್ರ ಬರೆದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಬ್ಯಾಡಗಿ ತಾಲ್ಲೂಕಿನ ಓದುಗರು: ಸುಬೇದಾರ್ ಸಾಹೇಬರೇ, ನಮ್ಮ ಅಜ್ಜ ಮರಾಠಾ ಪಲ್ಟಣದಲ್ಲಿದ್ದರು. ಆಫ್ರಿಕಾದಲ್ಲಿ ಸೆರೆ ಸಿಕ್ಕು, ಇಟಲಿ, ಜರ್ಮನಿ ಸುತ್ತಿ 1945ರಲ್ಲಿ ಊರಿಗೆ ಬಂದರಂತೆ. ಇದ್ದಷ್ಟು ದಿನವೂ ಆ ವರ್ಷಗಳ ಮಾತೆತ್ತಲಿಲ್ಲ, ಯಾಕಿರಬಹುದು? ಅವರು ಹಿಟ್ಲರನನ್ನು ಕಣ್ಣಾರೆ ಕಂಡಿದ್ದರು ಎಂದು ನಮ್ಮ ಕಾಕಾ ಹೇಳುತ್ತಾರೆ. ಅಜ್ಜನ ಟ್ರಂಕಿನಲ್ಲಿ ಒಂದು ಕಾರ್ಡು ಸಿಕ್ಕಿದೆ, ಫೋಟೊ ತೆಗೆದು ಕಳಿಸಿದ್ದೇನೆ. ಅವರು ಎಲ್ಲೆಲ್ಲಿ ಇದ್ದರೆಂದು ತಿಳಿಯುವುದು ಹೇಗೆ?

ಕಾರ್ಡಿನ ಫೋಟೊ ಕಳಿಸಿ ಪುಣ್ಯ ಕಟ್ಟಿಕೊಂಡಿರಿ. ಕಾಕಾ ಅವರ ಮಾತಿನಿಂದ ಹುಡುಕಾಟ ಶುರು ಮಾಡಿದ್ದರೆ ಬರ್ಲಿನ್ನಿಗೆ ಹೋಗಿ ಬರಿಗೈಯಲ್ಲಿ ನಿಲ್ಲಬೇಕಾಗುತ್ತಿತ್ತು. ಸುಭಾಷಚಂದ್ರ ಬೋಸರೇ ಹಿಟ್ಲರನನ್ನು ಭೇಟಿಯಾದದ್ದು ಒಂದೇ ಸಲ, 1942ರ ಮೇ ತಿಂಗಳಲ್ಲಿ. ಆ ಹೊತ್ತಿಗೆ ನಿಮ್ಮ ಅಜ್ಜ ಇನ್ನೂ ಲಿಬಿಯಾದ ಮರಳಿನಲ್ಲಿ ಕಂದಕ ತೋಡುತ್ತಿದ್ದರು. ಕಾಕಾ ಅವರಿಗೆ ಬೇಜಾರಾಗದಂತೆ ಹೇಳಿ.

ಈಗ ಕಾರ್ಡು. ತೆಳು ರಟ್ಟು, ಮೇಲ್ಗಡೆ ಇಟಾಲಿಯನ್ ಭಾಷೆಯಲ್ಲಿ ಯುದ್ಧಕೈದಿಗಳ ಅಂಚೆ ಎಂದು ಅಚ್ಚಾಗಿದೆ. ನಡುವೆ ಸೆನ್ಸಾರಿನ ನೇರಳೆ ಮುದ್ರೆ, ಅರ್ಧ ಮಾಸಿದೆ. ಬರಹ ನಾಲ್ಕೇ ಸಾಲು, ಮರಾಠಿ, ಬಾಲಬೋಧ ಲಿಪಿ: ಕ್ಷೇಮವಾಗಿದ್ದೇನೆ, ಪೆಟ್ಟಾಗಿಲ್ಲ, ಬಿಳಿ ಎತ್ತನ್ನು ಮಾರಬೇಡಿ, ಅವ್ವನಿಗೆ ನಮಸ್ಕಾರ. ಸಾಲುಗಳನ್ನು ಬರೆದ ಕೈ ದುಂಡಗೆ ಪಳಗಿದ್ದು. ಕೆಳಗೆ ರುಜು ಹಾಕಿದ ಕೈ ನಡುಗುತ್ತ ಒಂದೊಂದೇ ಅಕ್ಷರ ಕೂಡಿಸಿದೆ. ಎಂದರೆ ಬರೆದುಕೊಟ್ಟವನು ಇನ್ನೊಬ್ಬ ಸಿಪಾಯಿ, ರುಜು ಮಾತ್ರ ನಿಮ್ಮ ಅಜ್ಜನದು. ಇವೆಲ್ಲ ಮನೆಯವರಿಗೆ ಬೆಲೆಯುಳ್ಳವು. ನನಗೆ ಬೇಕಾದದ್ದು ಮೂಲೆಯಲ್ಲಿದೆ: ಸಿಪಾಯಿ ನಂಬರು, ಅದರ ಮುಂದೆ 2/5, ಕೆಳಗೆ ‘ಪಿ.ಜಿ. 91’. ಈ ಮೂರರಿಂದಲೇ ದಾರಿ ಹೊರಡುತ್ತದೆ.

2/5 ಎಂದರೆ ಐದನೇ ಮರಾಠಾ ಲೈಟ್ ಇನ್ಫೆಂಟ್ರಿಯ ಎರಡನೇ ಬೆಟಾಲಿಯನ್, ಹಳೆಯ ಸಿಪಾಯಿಗಳ ಬಾಯಲ್ಲಿ ‘ಕಾಳಿ ಪಾಂಚವೀ’. 1942ರ ಜೂನ್‌ನಲ್ಲಿ ಅದು 11ನೇ ಭಾರತೀಯ ಬ್ರಿಗೇಡಿನಲ್ಲಿ, ಗೂರ್ಖಾ ಮತ್ತು ಸ್ಕಾಟಿಷ್ ಬೆಟಾಲಿಯನ್‌ಗಳ ಜೊತೆಗೆ, ಲಿಬಿಯಾದ ಟೋಬ್ರೂಕ್ ಕೋಟೆಯ ಆಗ್ನೇಯ ಅಂಚು ಕಾಯುತ್ತಿತ್ತು. ಜೂನ್ 20ರ ಬೆಳಿಗ್ಗೆ ಜರ್ಮನ್ ಸೇನಾನಿ ರೊಮ್ಮೆಲ್‌ನ ಬಾಂಬರುಗಳೂ ಟ್ಯಾಂಕುಗಳೂ ಮೊದಲು ಬಂದು ಬಿದ್ದದ್ದು ಸರಿಯಾಗಿ ಮರಾಠರ ಪಾಲಿನ ಗಡಿಯ ಮೇಲೆ. ಮಾರನೆಯ ದಿನ ಕೋಟೆ ಶರಣಾಯಿತು. ಸುಮಾರು 33 ಸಾವಿರ ಜನ ಒಂದೇ ಸಲಕ್ಕೆ ಸೆರೆಯಾದರು. ಬೆಟಾಲಿಯನ್ ಹೆಚ್ಚುಕಡಿಮೆ ಇಡಿಯಾಗಿ ಅದರಲ್ಲಿ ಸೇರಿತು. ನಿಮ್ಮ ಅಜ್ಜ ಒಬ್ಬರೇ ಕೈ ಎತ್ತಿದವರಲ್ಲ. ಶರಣಾಗುವ ತೀರ್ಮಾನ ಮಾಡಿದ್ದು ಕೋಟೆಯ ಜನರಲ್, ಸಿಪಾಯಿಯನ್ನು ಯಾರೂ ಕೇಳಲಿಲ್ಲ. ಊರಿನಲ್ಲಿ ಯಾರಾದರೂ ಹಿಂದೆ ಚುಚ್ಚಿ ಮಾತಾಡಿದ್ದರೆ ಈ ಪ್ಯಾರಾ ಓದಿ ಹೇಳಿ.

ಆಫ್ರಿಕಾದ ಕೈದಿಗಳನ್ನು ಜರ್ಮನರು ಇಟಲಿಯವರ ವಶಕ್ಕೆ ಕೊಟ್ಟರು. ಲಿಬಿಯಾದ ಬಯಲಿನಲ್ಲಿ ತಂತಿಬೇಲಿಯೊಳಗೆ ನೀರಿಗೆ ಪರದಾಡಿದ ಮೇಲೆ ಹಡಗು. ಆ ಹಡಗುಗಳಲ್ಲಿ ಕೆಲವನ್ನು ನಮ್ಮ ಕಡೆಯ ಸಬ್‌ಮರೀನ್‌ಗಳೇ ಒಳಗಿರುವವರು ಯಾರೆಂದು ಅರಿಯದೆ ಹೊಡೆದವು. 1942ರ ಆಗಸ್ಟ್ 17ರಂದು ‘ನಿನೋ ಬಿಕ್ಸಿಯೋ’ ಎಂಬ ಹಡಗಿನಲ್ಲಿ ನೂರಾರು ಕೈದಿಗಳು ಸತ್ತರು. ನಿಮ್ಮ ಕಾರ್ಡಿನ ಪಿ.ಜಿ. 91 ಎಂಬುದು ರೋಮ್ ನಗರದ ಪೂರ್ವಕ್ಕೆ, ಅಬ್ರುಝೋ ಬೆಟ್ಟಸೀಮೆಯ ಅವೆಝಾನೋ ಊರಿನ ಕ್ಯಾಂಪು. ಅದು ಮುಖ್ಯವಾಗಿ ಭಾರತೀಯರದ್ದೇ ಕ್ಯಾಂಪು. ಲಂಡನ್ನಿನ ಭಾರತೀಯ ನೆರವು ನಿಧಿಯವರು ಕಟ್ಟಿಸಿ ರೆಡ್‌ಕ್ರಾಸ್ ಮೂಲಕ ಕಳಿಸುತ್ತಿದ್ದ ಪೊಟ್ಟಣಗಳಲ್ಲಿ ಗೋಧಿ ಹಿಟ್ಟು, ಬೇಳೆ, ತುಪ್ಪ, ಮಸಾಲೆ ಪುಡಿ ಬರುತ್ತಿತ್ತು. ನಿಮ್ಮ ಮನೆಯಲ್ಲಿ ಖಾಲಿ ಡಬ್ಬಿಯೇನಾದರೂ ಉಳಿದಿದ್ದರೆ ಅದಕ್ಕೆ ಉಪ್ಪು ತುಂಬಿಡಬೇಡಿ.

1943ರ ಸೆಪ್ಟೆಂಬರ್ 8ರಂದು ಇಟಲಿ ಯುದ್ಧ ಕೈಬಿಟ್ಟಿತು. ಕಾವಲುಗಾರರು ಮನೆಯ ದಾರಿ ಹಿಡಿದರು. ಕೆಲವು ಭಾರತೀಯರು ಬೆಟ್ಟ ಹತ್ತಿ, ಅಲ್ಲಿನ ರೈತರ ಕೊಟ್ಟಿಗೆಗಳಲ್ಲಿ ಅಡಗಿದರು. ಉಳಿದವರನ್ನು ಜರ್ಮನರು ಬಂದು ಸರಕಿನ ಡಬ್ಬಿಗಳಲ್ಲಿ ತುಂಬಿ ಉತ್ತರಕ್ಕೆ ಒಯ್ದರು. ಭಾರತೀಯರನ್ನು ಇಟ್ಟ ದೊಡ್ಡ ಜರ್ಮನ್ ಕ್ಯಾಂಪು ಆನ್ನಬುರ್ಗ್. ಫ್ರಾನ್ಸಿನ ಎಪಿನಾಲ್‌ನಲ್ಲಿ ಇನ್ನೊಂದಿತ್ತು. 1944ರ ಮೇ 11ರಂದು ಅಮೆರಿಕದ ವಿಮಾನಗಳು ಎಪಿನಾಲ್ ಮೇಲೆ ಬಾಂಬು ಹಾಕಿದಾಗ ಗೋಡೆ ಒಡೆದು ಕೈದಿಗಳು ಚೆಲ್ಲಾಪಿಲ್ಲಿಯಾದರು. ಸುಮಾರು 500 ಜನ ಕಾಡು, ಹಳ್ಳಿ ದಾಟಿ ಸ್ವಿಟ್ಜರ್ಲೆಂಡ್ ಮುಟ್ಟಿದರು. ನಿಮ್ಮ ಅಜ್ಜ ಇವರಲ್ಲಿ ಯಾರು ಎಂಬುದನ್ನು ಕಾರ್ಡು ಹೇಳುವುದಿಲ್ಲ. ಹೇಳಬಲ್ಲ ಕಾಗದಗಳು ಮೂರು ಕಡೆ ಇವೆ.

ಮೊದಲನೆಯದು ನಿಮಗೆ ಹತ್ತಿರದ್ದೇ, ಬೆಳಗಾವಿಯ ಮರಾಠಾ ಲೈಟ್ ಇನ್ಫೆಂಟ್ರಿ ದಾಖಲೆ ಕಚೇರಿ. ಸಿಪಾಯಿಯ ಸೇವಾ ಕಾಗದ ಲಂಡನ್ನಿನಲ್ಲಿ ಇರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಇಲ್ಲ, ಅದು ಇಲ್ಲಿಯೇ ಉಳಿಯಿತು. ಆದರೆ ಒಂದು ಮಾತು ತಿಳಿದಿರಲಿ. ಸೈನಿಕನ ಪೂರ್ತಿ ಜಾತಕ ಇರುವುದು ಶೀಟ್ ರೋಲ್ ಎಂಬ ಹಾಳೆಯಲ್ಲಿ: ಎತ್ತರ, ಮಚ್ಚೆ, ತಂದೆ, ಊರು, ಅಂಚೆ, ವಾರಸುದಾರ, ಎಲ್ಲೆಲ್ಲಿ ಹೋದ, ಯಾವಾಗ ಬಂದ. ಯುದ್ಧ ಮುಗಿದ ಮೇಲೆ ಪಿಂಚಣಿಯಿಲ್ಲದೆ ಬರೀ ಗ್ರಾಚ್ಯುಟಿ ಕೊಟ್ಟು ಮನೆಗೆ ಕಳಿಸಿದವರ ಶೀಟ್ ರೋಲುಗಳನ್ನು ಅವಧಿ ಮುಗಿದ ಬಳಿಕ ನಾಶ ಮಾಡುವುದು ಪದ್ಧತಿ. ಉಳಿಯುವುದು ಲಾಂಗ್ ರೋಲ್ ಎಂಬ ದಪ್ಪ ಪುಸ್ತಕ, ಒಬ್ಬೊಬ್ಬನಿಗೂ ಒಂದೊಂದು ಸಾಲು. ಆ ಸಾಲು ಹುಡುಕುವುದು ನಂಬರಿನಿಂದ, ಹೆಸರಿನಿಂದ ಅಲ್ಲ. ಆದ್ದರಿಂದ ಅರ್ಜಿಯ ಮೊದಲ ಸಾಲಿನಲ್ಲೇ ನಂಬರು ಬರೆಯಿರಿ. ‘ನಮ್ಮ ಪೂಜ್ಯ ಅಜ್ಜನವರು ದೇಶಕ್ಕಾಗಿ’ ಎಂದು ಶುರುವಾದ ಅರ್ಜಿಗಳನ್ನು ನಾನೂ ತಿರುವಿದವನೇ. ಗುಮಾಸ್ತನ ಕಣ್ಣು ಮೊದಲು ಹುಡುಕುವುದು ಅಂಕಿಯನ್ನು. ನೀವು ಮೊಮ್ಮಗ ಎಂಬುದಕ್ಕೆ ವಂಶಾವಳಿ ಪತ್ರ, ಅಜ್ಜನ ಮರಣ ದಾಖಲೆ, ನಿಮ್ಮ ಗುರುತಿನ ಚೀಟಿ ಲಗತ್ತಿಸಿ.

ಎರಡನೆಯದು ಜಿನೀವಾದ ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಪತ್ರಾಗಾರ. 1929ರ ಜಿನೀವಾ ಒಪ್ಪಂದದ ಪ್ರಕಾರ ಸೆರೆಯಾಳು ಕ್ಯಾಂಪಿಗೆ ಬಂದ ವಾರದೊಳಗೆ ಮನೆಗೊಂದು ಕಾರ್ಡು ಬರೆಯಲು ಬಿಡಬೇಕಿತ್ತು, ಕೈದಿಗಳ ಪಟ್ಟಿಗಳೂ ಜಿನೀವಾಕ್ಕೆ ಹೋಗುತ್ತಿದ್ದವು. ನಿಮ್ಮ ಕೈಯಲ್ಲಿರುವುದು ಅಂಥ ಕಾರ್ಡೇ ಇರಬೇಕು, ‘ಪೆಟ್ಟಾಗಿಲ್ಲ’ ಎಂಬ ಮಾತಿನ ಧಾಟಿಯೇ ಹಾಗಿದೆ. ಎರಡನೇ ಮಹಾಯುದ್ಧದ ಕೈದಿಗಳ ಬಗ್ಗೆ ಕುಟುಂಬದವರ ಅರ್ಜಿಯನ್ನು ಅವರು ಅಂತರ್ಜಾಲದಲ್ಲಿ ವರ್ಷದ ಕೆಲವೇ ಅವಧಿಗಳಲ್ಲಿ, ಇಂತಿಷ್ಟೇ ಎಂಬ ಲೆಕ್ಕದಲ್ಲಿ ಸ್ವೀಕರಿಸುತ್ತಾರೆ. ಲೆಕ್ಕ ತುಂಬಿದ ಕೂಡಲೇ ಬಾಗಿಲು ಮುಚ್ಚುತ್ತದೆ. ಕಾಗದಪತ್ರ ಮೊದಲೇ ಸಿದ್ಧವಿಟ್ಟುಕೊಂಡು, ತೆರೆದ ದಿನವೇ ಅರ್ಜಿ ಹಾಕಿ. ಆಮೇಲೆ ತಿಂಗಳುಗಟ್ಟಲೆ ಕಾಯುವ ತಾಳ್ಮೆ ಬೇಕು.

ಮೂರನೆಯದು ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ. ಜರ್ಮನರು ಒಬ್ಬೊಬ್ಬ ಕೈದಿಗೂ ಬರೆದಿಟ್ಟ ಕಾರ್ಡುಗಳಲ್ಲಿ ಕೈಗೆ ಸಿಕ್ಕವು ಅಲ್ಲಿ ಡಬ್ಲ್ಯೂಓ 416 ಎಂಬ ಸಾಲಿನಲ್ಲಿವೆ. ಎಲ್ಲರದ್ದೂ ಉಳಿದಿಲ್ಲ. ಹೆಸರು ಹುಡುಕಲು ಕಾಸಿಲ್ಲ, ಪ್ರತಿ ಬೇಕೆಂದರೆ ಶುಲ್ಕ.

ಅಜ್ಜ ಯಾಕೆ ಮಾತಾಡಲಿಲ್ಲ ಎಂದು ಕೇಳಿದ್ದೀರಿ. ಹಿಂದಿರುಗಿದ ಕೈದಿಗೆ ಊರಲ್ಲಿ ಬರುತ್ತಿದ್ದ ಮೊದಲ ಪ್ರಶ್ನೆ ‘ಎಷ್ಟು ಜನರನ್ನು ಕೊಂದೆ’ ಎಂಬುದು. ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಅವನು ಹೇಳಬಹುದಾಗಿದ್ದ ಚಳಿ, ಹಸಿವು, ಸಾಲಿನಲ್ಲಿ ನಿಂತು ಎಣಿಸಿಕೊಂಡದ್ದು ಕೇಳಲು ಯಾರಿಗೂ ಬೇಕಿರಲಿಲ್ಲ.

ಗದಗಿನ ಓದುಗರು: ನಮ್ಮ ಅಜ್ಜಿಗೆ ತೊಂಬತ್ತು ದಾಟಿದೆ. ಅವಳ ಅಣ್ಣ ಕಿರ್ಕಿಯಲ್ಲಿ ಸ್ಯಾಪರ್ಸ್ (ಸೇನೆಯ ಎಂಜಿನಿಯರ್ ದಳ) ತರಬೇತಿ ಪಡೆದು 1941ರಲ್ಲಿ ಮಲಾಯಾಕ್ಕೆ ಹೋದವನು ತಿರುಗಿ ಬರಲಿಲ್ಲ. ‘ನಾಪತ್ತೆ’ ಎಂದು ತಂತಿ ಬಂದದ್ದಷ್ಟೇ. ಬದುಕಿದ್ದರೆ ಕೇಡಾದೀತು ಎಂದು ಪಿತೃಪಕ್ಷದಲ್ಲಿ ಅವನ ಹೆಸರಿಗೆ ಎಡೆಯನ್ನೂ ಇಡುವುದಿಲ್ಲ. ನಮ್ಮ ಮೂಲ ಊರು ಶಿರಹಟ್ಟಿ ತಾಲ್ಲೂಕು. ಯುದ್ಧ ಸಮಾಧಿಗಳ ಪಟ್ಟಿಯಲ್ಲಿ ಗದಗ, ಧಾರವಾಡ ಎಂದೆಲ್ಲ ಹುಡುಕಿದೆವು. ಹೆಸರು ಸಿಗಲಿಲ್ಲ. ಸಿಕ್ಕರೆ ಅಜ್ಜಿಗೆ ಯಾವಾಗ ಹೇಳುವುದು?

ಸಿಗದಿರುವುದಕ್ಕೆ ಕಾರಣ ಅವನಲ್ಲ, ನಕ್ಷೆ. ಗದಗ ಮತ್ತು ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಮೊದಲು ಎಲ್ಲವೂ ಧಾರವಾಡ ಜಿಲ್ಲೆ ಎಂದುಕೊಂಡಿರಿ. ಸ್ವಾತಂತ್ರ್ಯದ ಹಿಂದೆ ಹೋದರೆ ಅದೂ ನಿಜವಲ್ಲ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜ್‌ನದು, ಕುಂದಗೋಳ ಜಮಖಂಡಿಯದು, ಸವಣೂರಿಗೆ ತನ್ನದೇ ನವಾಬ. ಭರ್ತಿ ಗುಮಾಸ್ತ ಬರೆಯುತ್ತಿದ್ದದ್ದು ಆ ದಿನದ ಆಡಳಿತದ ಹೆಸರನ್ನು. ನಿಮ್ಮ ಅಜ್ಜಿಯ ಅಣ್ಣ ಕಾಗದದಲ್ಲಿ ಸಾಂಗ್ಲಿಯವನಾಗಿರಬಹುದು. ಧಾರವಾಡವೆಂದೇ ಬರೆದಿದ್ದರೂ ಅದು ಇಂಗ್ಲಿಷಿನಲ್ಲಿ ಕೊನೆಗೆ ‘ಆರ್’ ಇರುವ ಧಾರವಾರ್, ಹುಬ್ಬಳ್ಳಿ ಹುಬ್ಲಿ, ಬೆಳಗಾವಿ ಬೆಲ್ಗಾಂ. ಹೆಸರಿನ ಪಾಡು ಇನ್ನೂ ಕಷ್ಟ. ಯಲ್ಲಪ್ಪ ಎಂಬುದು ವೈ ಅಕ್ಷರದಲ್ಲೂ ಸಿಗುತ್ತದೆ, ಇ ಅಕ್ಷರದಲ್ಲೂ. ಒಂದು ಎಲ್, ಎರಡು ಎಲ್, ಒಂದು ಪಿ, ಎರಡು ಪಿ. ಮನೆತನದ ಹೆಸರು ಕೆಲವೆಡೆ ಇದೆ, ಕೆಲವೆಡೆ ತಂದೆಯ ಹೆಸರೇ ಅಡ್ಡಹೆಸರಾಗಿ ಕೂತಿದೆ. ಪಂಜಾಬಿ ಹವಾಲ್ದಾರನೋ ಇಂಗ್ಲಿಷ್ ಸಾಹೇಬನೋ ಕಿವಿಗೆ ಬಿದ್ದದ್ದನ್ನು ಬರೆದುಕೊಂಡರೆ ಇನ್ನೇನಾದೀತು? ಆದ್ದರಿಂದ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಮೊದಲು ಊರನ್ನು ಬಿಡಿ. ಭಾರತೀಯ ಸೇನೆ, ಎರಡನೇ ಮಹಾಯುದ್ಧ, ಬಾಂಬೆ ಸ್ಯಾಪರ್ಸ್ ಅಂಡ್ ಮೈನರ್ಸ್ ಎಂದಷ್ಟೇ ಆರಿಸಿ, ಹೆಸರಿನ ಮೊದಲ ಮೂರಕ್ಷರ ಹಾಕಿ. ಬರುವ ಪಟ್ಟಿಯನ್ನು ಒಂದೊಂದಾಗಿ ತೆರೆದು ನೋಡಿ. ಕೆಲವರ ವಿವರದಲ್ಲಿ ತಂದೆಯ ಹೆಸರು, ಹೆಂಡತಿಯ ಹೆಸರು, ಊರು ಇರುತ್ತದೆ. ಕಣ್ಣು ನೋಯುವ ಕೆಲಸ, ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗರಿದ್ದರೆ ಹಚ್ಚಿ.

ಇನ್ನು ಅವನಿಗೆ ಏನಾಗಿರಬಹುದು ಎಂಬುದು. ಸಿಂಗಪುರ ಜಪಾನಿನವರ ಕೈಗೆ ಬಿದ್ದದ್ದು 1942ರ ಫೆಬ್ರುವರಿ 15ರಂದು. ಎರಡು ದಿನದ ಮೇಲೆ, 17ರಂದು, ಭಾರತೀಯ ಸೈನಿಕರನ್ನು ಬ್ರಿಟಿಷರಿಂದ ಬೇರೆ ಮಾಡಿ ಫ್ಯಾರರ್ ಪಾರ್ಕ್ ಮೈದಾನದಲ್ಲಿ ಕೂರಿಸಿದರು. ನಲವತ್ತು ಸಾವಿರಕ್ಕೂ ಮೇಲೆ ಜನ. ಒಬ್ಬ ಬ್ರಿಟಿಷ್ ಅಧಿಕಾರಿ ಅವರನ್ನು ಜಪಾನಿನ ಮೇಜರ್ ಫುಜಿವಾರಾ ಕೈಗೆ ಒಪ್ಪಿಸಿದ, ಫುಜಿವಾರಾ ಕ್ಯಾಪ್ಟನ್ ಮೋಹನ್ ಸಿಂಗ್ ಕೈಗೆ. ಆಜಾದ್ ಹಿಂದ್ ಫೌಜಿನ ಮೊದಲ ರೂಪ ಹುಟ್ಟಿದ್ದು ಆಗ. ಸೇರಿದವರೂ ಇದ್ದರು, ಸೇರದವರೂ ಇದ್ದರು. ಸೇರದವರಲ್ಲಿ ಸಾವಿರಾರು ಜನರನ್ನು 1943ರಲ್ಲಿ ಹಡಗು ತುಂಬಿ ನ್ಯೂ ಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ ಕೂಲಿಗೆ ಒಯ್ದರು. ನ್ಯೂ ಗಿನಿಯ ವೀವಾಕ್ ಕಡೆಗೆ ಹೋದವರಲ್ಲಿ ಯುದ್ಧದ ಕೊನೆಗೆ ಉಳಿದವರು ಬಹಳ ಕಡಿಮೆ. ಹಸಿವು, ಮಲೇರಿಯಾ, ಹೊಡೆತ. ನ್ಯೂ ಬ್ರಿಟನ್ನಿನ ರಬೌಲ್ ಕಡೆ ಇದ್ದ ಸಾವಿರಾರು ಮಂದಿ ಬದುಕಿ ಬಂದರು. ಜಪಾನು ಜಿನೀವಾ ಒಪ್ಪಂದಕ್ಕೆ ರುಜು ಹಾಕಿ ಅನುಮೋದಿಸದೆ ಬಿಟ್ಟ ದೇಶ. ಯುರೋಪಿನ ಕೈದಿಗಳ ಕಾಗದ ಸಿಗುವಂತೆ ಇವರ ಕಾಗದ ಸಿಗುವುದಿಲ್ಲ. ಬ್ಯಾಡಗಿಯವರ ಮನೆಗೆ ಕಾರ್ಡು ಬಂತು, ನಿಮ್ಮ ಮನೆಗೆ ಬರಲಿಲ್ಲ. ಅದಕ್ಕೆ ಅವನು ಮನೆಯನ್ನು ಮರೆತ ಎಂದರ್ಥವಲ್ಲ.

ಆಯೋಗದ ಪಟ್ಟಿಯಲ್ಲಿ ಅವನ ಹೆಸರು ಸಿಕ್ಕರೆ ಎರಡು ಅಂಶ ನೋಡಿ: ಸ್ಥಳ ಮತ್ತು ತಾರೀಖು. ಸಿಂಗಪುರದ ಕ್ರಾಂಜಿಯಲ್ಲಿರುವ ಸ್ಮಾರಕದ ಗೋಡೆಗಳ ಮೇಲೆ ಸಮಾಧಿಯೇ ಇಲ್ಲದ 24 ಸಾವಿರಕ್ಕೂ ಹೆಚ್ಚು ಜನರ ಹೆಸರಿದೆ, ಅದರಲ್ಲಿ ಭಾರತೀಯರು ಬಹಳ. 1942ರ ಫೆಬ್ರುವರಿಯ ತಾರೀಖಿದ್ದರೆ ಕಾಳಗದಲ್ಲೇ ಹೋದ ಎನ್ನಬಹುದು. ಗೊಂದಲದ ದಿನಗಳಲ್ಲಿ ಕಣ್ಮರೆಯಾದವರಿಗೂ ಆ ತಾರೀಖೇ ಬಿದ್ದಿರುವುದುಂಟು. 1943, 1944ರ ತಾರೀಖಿದ್ದರೆ ಕೈದಿಯಾಗಿ ಸತ್ತ ಎಂಬುದಕ್ಕೆ ಹತ್ತಿರ. ನ್ಯೂ ಗಿನಿಯ ಲಾಯೆ ಅಥವಾ ರಬೌಲ್ ಹತ್ತಿರದ ಬೀಟಾ ಪಾಕಾ ಸಮಾಧಿಭೂಮಿಯ ಹೆಸರಿದ್ದರೆ ಮತ್ತೆ ಅನುಮಾನ ಬೇಡ. ಆಗ ಆಸ್ಟ್ರೇಲಿಯಾದ ಕಡೆ ತಿರುಗಿ. ಆ ದ್ವೀಪಗಳಲ್ಲಿ ನಮ್ಮವರನ್ನು ಬಿಡಿಸಿದ್ದು ಆಸ್ಟ್ರೇಲಿಯಾದ ಸೇನೆ. ಮುಂದೆ ಅವರು ನಡೆಸಿದ ಯುದ್ಧಾಪರಾಧ ವಿಚಾರಣೆಗಳಲ್ಲಿ ಭಾರತೀಯ ಸಿಪಾಯಿಗಳೇ ಸಾಕ್ಷಿ ನುಡಿದರು. ಆ ಕಡತಗಳು ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರದಲ್ಲಿ ಎ471 ಎಂಬ ಸಾಲಿನಲ್ಲಿವೆ. ಕ್ಯಾನ್‌ಬೆರಾದ ಯುದ್ಧ ಸ್ಮಾರಕದವರ ಸಂಗ್ರಹದಲ್ಲಿ ಬಿಡುಗಡೆಯಾದ ಭಾರತೀಯರ ಫೋಟೊಗಳಿವೆ, ಕೆಲವು ಚಿತ್ರಗಳ ಕೆಳಗೆ ಹೆಸರೂ ಇದೆ. ಸತ್ತ ಗೆಳೆಯರ ಹೆಸರನ್ನು ಬದುಕಿದವರು ಹೇಳಿ ಬರೆಸಿದ್ದಾರೆ. ಖಡಕಿಯ (ನಿಮ್ಮ ಕಿರ್ಕಿಯೇ) ಬಾಂಬೆ ಎಂಜಿನಿಯರ್ ಗ್ರೂಪಿನ ದಾಖಲೆ ಕಚೇರಿಗೂ ಒಂದು ಅರ್ಜಿ ಹಾಕಿ. ನಂಬರು ಗೊತ್ತಿಲ್ಲದಿದ್ದರೆ ಆಯೋಗದ ಪಟ್ಟಿಯಲ್ಲೇ ಸಿಗುತ್ತದೆ.

ಅಜ್ಜಿಗೆ ಯಾವಾಗ ಹೇಳುವುದು ಎಂದೂ ಕೇಳಿದ್ದೀರಿ. ಹೆಸರು ಸಿಕ್ಕ ದಿನವೇ ಹೇಳಿ. ‘ವಯಸ್ಸಾದವರು, ತಡೆದುಕೊಳ್ಳಲಾರರು’ ಎಂದು ಮುಚ್ಚಿಟ್ಟ ಮನೆಗಳನ್ನು ಕಂಡಿದ್ದೇನೆ. ಎಂಬತ್ತು ವರ್ಷ ತಡೆದುಕೊಂಡವರಿಗೆ ಇನ್ನೊಂದು ದಿನ ತಡೆದುಕೊಳ್ಳುವುದು ಬರುತ್ತದೆ. ಎಡೆ ಇಡಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸಲಿ, ನೀವಲ್ಲ, ನಾನಂತೂ ಅಲ್ಲವೇ ಅಲ್ಲ.

ಹುಬ್ಬಳ್ಳಿಯ ಓದುಗರು: ಅಜ್ಜನ ಯುದ್ಧಕೈದಿ ಪ್ರಮಾಣಪತ್ರ ತರಿಸಿಕೊಡುತ್ತೇನೆ, ಪರಿಹಾರದ ಹಣವೂ ಬರುತ್ತದೆ ಎಂದು ಒಬ್ಬರು 25 ಸಾವಿರ ಕೇಳುತ್ತಿದ್ದಾರೆ. ಕೊಡಬಹುದೇ?

ಕೊಡಬೇಡಿ. ದಾಖಲೆ ಕಚೇರಿಗೆ ಅರ್ಜಿ ಬರೆಯಲು ಬೇಕಾದದ್ದು ಒಂದು ಬಿಳಿ ಹಾಳೆ ಮತ್ತು ಅಂಚೆಯ ಖರ್ಚು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, ಶುಲ್ಕ 10 ರೂಪಾಯಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರು ಅರ್ಜಿಯ ಒಕ್ಕಣೆಗೆ ಕಾಸು ತೆಗೆದುಕೊಳ್ಳುವುದಿಲ್ಲ. ಆ ಮಹಾಶಯರು ಮುಂದಿನ ಸಲ ಬಂದಾಗ ಅಜ್ಜನ ನಂಬರು ಏನೆಂದು ಅವರನ್ನೇ ಕೇಳಿ ನೋಡಿ.

ನರಗುಂದದ ಓದುಗರು: ಮುತ್ತಜ್ಜನ ಒಂದು ಬೆಳ್ಳಿ ಪದಕ ಇದೆ. ಒಂದು ಬದಿ ರಾಜನ ತಲೆ, ಇನ್ನೊಂದು ಬದಿ ಕುದುರೆಯ ಮೇಲೆ ಬತ್ತಲೆ ಮನುಷ್ಯ, 1914, 1918 ಎಂದಿದೆ. ಮೆಸಪಟೋಮಿಯಾದಲ್ಲಿ ತುರ್ಕರ ಕೈಗೆ ಸಿಕ್ಕು ಸತ್ತರಂತೆ. ಬೇರೆ ಕಾಗದವಿಲ್ಲ.

ಕಾಗದ ನಿಮ್ಮ ಕೈಯಲ್ಲೇ ಇದೆ. ಪದಕವನ್ನು ಎರಡೂ ಮುಖ ಬಿಟ್ಟು ಅಂಚಿನಲ್ಲಿ ನೋಡಿ, ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಮೊದಲ ಮಹಾಯುದ್ಧದ ಈ ಬ್ರಿಟಿಷ್ ವಾರ್ ಮೆಡಲ್‌ನ ಅಂಚಿನ ಮೇಲೆ ನಂಬರು, ಹುದ್ದೆ, ಹೆಸರು, ಪಲ್ಟಣ ಕೆತ್ತಿರುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹಬ್ಬಕ್ಕೊಮ್ಮೆ ತಿಕ್ಕಿ ತಿಕ್ಕಿ ಅಕ್ಷರವೇ ಇಲ್ಲದಂತೆ ಮಾಡಿದವರಿದ್ದಾರೆ.

103 ಅಥವಾ 110 ಮರಾಠಾ ಎಂದಿದ್ದರೆ ಆರನೇ ಪೂನಾ ಡಿವಿಜನ್ನು, ಈಗಿನ ಇರಾಕಿನ ಕುತ್ ಅಲ್ ಅಮಾರಾ. ಟೈಗ್ರಿಸ್ ನದಿಯ ತಿರುವಿನಲ್ಲಿ ಸುಮಾರು ಐದು ತಿಂಗಳು ಮುತ್ತಿಗೆಯಲ್ಲಿದ್ದು, ಕುದುರೆ, ಹೇಸರಗತ್ತೆಗಳನ್ನು ಕೊಯ್ದು ತಿನ್ನುವ ಹಂತ ಮುಟ್ಟಿ, 1916ರ ಏಪ್ರಿಲ್ 29ರಂದು ಶರಣಾದರು. ಸುಮಾರು 13 ಸಾವಿರ ಜನ, ಹೆಚ್ಚಿನವರು ಭಾರತೀಯರು. ಅಲ್ಲಿಂದ ಮರುಭೂಮಿಯಲ್ಲಿ ಕಾಲ್ನಡಿಗೆ, ಬಾಗ್ದಾದ್, ಮೋಸುಲ್, ರಾಸ್ ಅಲ್ ಐನ್. ರೈಲು ಹಳಿಯ ಕೆಲಸ. ಮೊದಲ ಯುದ್ಧದ ರೆಡ್‌ಕ್ರಾಸ್ ಪಟ್ಟಿಗಳನ್ನು ಜಿನೀವಾದವರು ಅಂತರ್ಜಾಲದಲ್ಲಿ ಪೂರ್ತಿ ತೆರೆದಿಟ್ಟಿದ್ದಾರೆ, ಅರ್ಜಿಯೂ ಬೇಡ.

ನಿಮ್ಮ ಮುತ್ತಜ್ಜನಂಥವರನ್ನು ನೆನೆಯುವುದು ಇರಾಕಿನ ಬಸ್ರಾ ಸ್ಮಾರಕದಲ್ಲಿ, ಅಲ್ಲಿ 40 ಸಾವಿರಕ್ಕೂ ಹೆಚ್ಚು ಜನರ ಲೆಕ್ಕವಿದೆ. ಬ್ರಿಟಿಷ್ ಸಿಪಾಯಿಯ ಹೆಸರು ಕಲ್ಲಿನಲ್ಲಿದೆ. ಭಾರತೀಯ ಸಿಪಾಯಿಗಳನ್ನು ಮಾತ್ರ ಇಂಥ ಪಲ್ಟಣದವರು ಇಂತಿಷ್ಟು ಜನ ಎಂದು ಸಂಖ್ಯೆಯಲ್ಲಿ ಮುಗಿಸಿದರು. ನಮ್ಮವರ ಹೆಸರು ಇದ್ದದ್ದು ಪುಸ್ತಕದಲ್ಲಿ, ಈಗ ಆಯೋಗದ ಜಾಲತಾಣದಲ್ಲಿ. ನಂಬರುಗಳ ನಡುವೆಯೇ ಬಾಳು ಸವೆಸಿದ ನನಗೂ ಇದನ್ನು ಓದಿದಾಗ ಸಿಟ್ಟು ಬರುತ್ತದೆ. ಕಲ್ಲಿನ ಮೇಲೆ ಜಾಗ ಸಾಲಲಿಲ್ಲ ಎಂದು ಯಾರಾದರೂ ಸಮಜಾಯಿಷಿ ಕೊಟ್ಟರೆ ನಂಬಬೇಡಿ.

ರಾಣೆಬೆನ್ನೂರಿನ ಓದುಗರು: ಸಿಂಗಪುರದಲ್ಲಿ ಸೆರೆಯಾಗಿದ್ದ ನಮ್ಮ ಅಜ್ಜ ಆಜಾದ್ ಹಿಂದ್ ಫೌಜಿಗೆ ಸೇರಿದ್ದರು ಎಂದು ಅತ್ತೆ ಹೇಳುತ್ತಾರೆ, ಸೇರಿರಲಿಲ್ಲ ಎಂದು ಅಪ್ಪ. ಮನೆಯಲ್ಲಿ ಇದೇ ಜಗಳ. ಸೇರಿರದಿದ್ದರೆ ಬ್ರಿಟಿಷರ ಪಕ್ಷ ಎಂದಾಗುವುದಿಲ್ಲವೇ?

ಆಗುವುದಿಲ್ಲ. ಸೇರಿದವನು ದೇಶಕ್ಕಾಗಿ ಸೇರಿದ, ಸೇರದವನು ತಿಂದ ಉಪ್ಪಿಗಾಗಿ ಸೇರಲಿಲ್ಲ ಎಂಬ ಸುಲಭದ ಲೆಕ್ಕ ಕ್ಯಾಂಪಿನೊಳಗೆ ನಡೆಯಲಿಲ್ಲ. ಗೆಳೆಯರು ಸೇರಿದರೆಂದು ಸೇರಿದವರು, ಜಪಾನಿನವರನ್ನು ನಂಬಲಾರದೆ ದೂರ ಉಳಿದವರು, ಮೋಹನ್ ಸಿಂಗರ ಕಾಲದಲ್ಲಿ ಬೇಡವೆಂದು 1943ರಲ್ಲಿ ಸುಭಾಷರ ಮಾತು ಕೇಳಿದ ಮೇಲೆ ಹೌದೆಂದವರು, ಎಲ್ಲ ಬಗೆಯವರೂ ಇದ್ದರು. ಬೇಡವೆಂದು ನ್ಯೂ ಗಿನಿಗೆ ಹೋಗಿ ಸತ್ತವರನ್ನು ಯಾವ ಪಕ್ಷಕ್ಕೆ ಹಾಕುತ್ತೀರಿ? ಯುದ್ಧ ಮುಗಿದ ಮೇಲೆ ಬ್ರಿಟಿಷರು ಹಿಂದಿರುಗಿದವರನ್ನು ವಿಚಾರಿಸಿ ಬಿಳಿ, ಬೂದು, ಕಪ್ಪು ಎಂದು ಮೂರು ಗುಂಪು ಮಾಡಿದರು. ಕಪ್ಪು ಗುಂಪಿನವರನ್ನು ಸೇನೆಯಿಂದ ತೆಗೆದರು. ಅಜ್ಜನ ಸೇವಾ ಪುಸ್ತಕದಲ್ಲಿ ಬಿಡುಗಡೆಯ ಕಾರಣ ಏನೆಂದಿದೆ, ಗ್ರಾಚ್ಯುಟಿ ಸಿಕ್ಕಿತ್ತೇ, ಪದಕ ಬಂದಿತ್ತೇ ನೋಡಿ. ಅಪ್ಪ, ಅತ್ತೆ ಇಬ್ಬರ ಜಗಳ ಅಲ್ಲಿ ತೀರುತ್ತದೆ. ಫೌಜಿನ ಕಾಗದಪತ್ರಗಳು ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿವೆ, ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಕಡತಗಳ ಪಟ್ಟಿ ನೋಡಬಹುದು. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಮೊಮ್ಮಕ್ಕಳಿಗೆ ಬರುವುದಿಲ್ಲ. ಪತ್ರದ ಕೊನೆಯಲ್ಲಿ ನೀವು ಕೇಳಿದ ಇನ್ನೊಂದು ಪ್ರಶ್ನೆಗೆ ಇದೇ ಉತ್ತರ.

ರೋಣದ ಓದುಗರು: 1971ರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿ ನನ್ನ ದೊಡ್ಡಪ್ಪ ಕಾಣೆಯಾದರು. ಪಾಕಿಸ್ತಾನದ ಜೈಲಿನಲ್ಲಿ ಭಾರತೀಯ ಸೈನಿಕರು ಇನ್ನೂ ಇದ್ದಾರೆ ಎಂಬ ವಿಡಿಯೊಗಳು ಬರುತ್ತವೆ. ಏನು ಮಾಡಬಹುದು?

ಇದು ಹಳೆಯ ಕಾಗದದ ವಿಚಾರವಲ್ಲ, ಇನ್ನೂ ಹಸಿ ಗಾಯ. ಅಳತೆ ಮಾಡಿಯೇ ಬರೆಯುತ್ತೇನೆ. ಶಿಮ್ಲಾ ಒಪ್ಪಂದವಾದದ್ದು 1972ರ ಜುಲೈ 2ರಂದು. ನಮ್ಮ ಕೈಯಲ್ಲಿದ್ದ ಸುಮಾರು 93 ಸಾವಿರ ಜನರನ್ನು ನಾವು ಮುಂದೆ ಹಂತಹಂತವಾಗಿ ಕಳಿಸಿಕೊಟ್ಟೆವು, ಅವರ ಕೈಯಲ್ಲಿದ್ದವರು 1972ರ ಡಿಸೆಂಬರ್‌ನಲ್ಲಿ ಬಂದರು. ಬಾರದವರೆಂದು ಭಾರತ ಸರ್ಕಾರ ಹೇಳುತ್ತ ಬಂದ ಪಟ್ಟಿಯಲ್ಲಿ 54 ಹೆಸರುಗಳಿವೆ. ಯಾರೂ ತನ್ನ ವಶದಲ್ಲಿಲ್ಲ ಎಂಬುದು ಪಾಕಿಸ್ತಾನದ ಮಾತು. 1983ರಲ್ಲಿ ಒಮ್ಮೆ, 2007ರಲ್ಲಿ ಇನ್ನೊಮ್ಮೆ ಕುಟುಂಬದವರೇ ಹೋಗಿ ಅಲ್ಲಿನ ಜೈಲುಗಳನ್ನು ನೋಡಿ ಬಂದರು. ತಮ್ಮವರನ್ನು ಕಾಣಲಿಲ್ಲ.

ದೊಡ್ಡಪ್ಪನ ಹೆಸರು ಆ 54ರಲ್ಲಿ ಇದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಅವರ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆದು, ‘ಕಾಣೆ’ ಎಂದದ್ದನ್ನು ಯಾವ ತಾರೀಖಿಗೆ, ಯಾರ ಹೇಳಿಕೆಯ ಮೇಲೆ ‘ಮೃತ ಎಂದು ಭಾವಿಸಲಾಗಿದೆ’ ಎಂದು ಬದಲಿಸಿದರು ಎಂದು ಕೇಳಿ. ಆ ಬದಲಾವಣೆಯ ಹಿಂದೆ ಒಂದು ವಿಚಾರಣೆಯ ಕಾಗದ ಇರಲೇಬೇಕು. ಅವರನ್ನು ಕೊನೆಗೆ ನೋಡಿದ ಸಂಗಾತಿಯ ಹೇಳಿಕೆ ಅದರಲ್ಲಿರುತ್ತದೆ. ಎರಡೂ ದೇಶಗಳು ಪ್ರತಿವರ್ಷ ಜನವರಿ 1 ಮತ್ತು ಜುಲೈ 1ರಂದು ಪರಸ್ಪರರ ಕೈದಿಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ, ವಿದೇಶಾಂಗ ಸಚಿವಾಲಯದ ಹೇಳಿಕೆ ಅಂದೇ ಬರುತ್ತದೆ. ಅದನ್ನು ಓದಿ. ವಿಡಿಯೊಗಳನ್ನು ದೊಡ್ಡಮ್ಮನ ಮೊಬೈಲಿಗೆ ಕಳಿಸಬೇಡಿ. ಅವುಗಳನ್ನು ಮಾಡುವವರಿಗೆ ನೋಡಿದವರ ಎಣಿಕೆ ಮುಖ್ಯ, ಅವರ ಮನೆಯಿಂದ ಯಾರೂ ಕಾಣೆಯಾಗಿಲ್ಲ.

ಕುಂದಗೋಳದ ಓದುಗರು: ಅಜ್ಜನ ಕಾಗದಗಳ ಒಂದು ಗಂಟೇ ಇದೆ, ತಂದು ತೋರಿಸಬಹುದೇ? ಹಾಳಾಗದಿರಲಿ ಎಂದು ಲ್ಯಾಮಿನೇಶನ್ ಮಾಡಿಸಿ ತರುತ್ತೇವೆ.

ಅಯ್ಯೋ, ಲ್ಯಾಮಿನೇಶನ್ ಬೇಡ! ಬಿಸಿ ಪ್ಲಾಸ್ಟಿಕ್ ಹಳೆಯ ಶಾಯಿಯನ್ನು ಕೆಡಿಸುತ್ತದೆ, ಅಂಟಿದ ಮೇಲೆ ಬಿಡಿಸಲು ಬರುವುದಿಲ್ಲ. ಹರಿದದ್ದಕ್ಕೆ ಸೆಲ್ಲೋಟೇಪನ್ನೂ ಹಚ್ಚಬೇಡಿ. ಮೂಲ ಕಾಗದ ಮನೆ ಬಿಟ್ಟು ಹೊರಡುವುದು ಬೇಡ, ನನ್ನ ಮನೆಗೂ ಬೇಡ. ಕಿಟಕಿಯ ಹತ್ತಿರ, ಬಿಸಿಲು ನೇರ ಬೀಳದ ಕಡೆ ಹರಡಿ, ಫ್ಲ್ಯಾಶ್ ಇಲ್ಲದೆ ಎರಡೂ ಮಗ್ಗಲಿನ ಫೋಟೊ ತೆಗೆಯಿರಿ. ಖಾಲಿ ಎನ್ನಿಸುವ ಹಿಂಬದಿಯನ್ನೂ ತೆಗೆಯಿರಿ, ಮುದ್ರೆ, ಪೆನ್ಸಿಲ್ ಗೀಚು ಇರುವುದು ಅಲ್ಲಿಯೇ. ಮನಿ ಆರ್ಡರ್ ಕೂಪನ್‌ಗಳಿದ್ದರೆ ಕಸವೆಂದು ಎಸೆಯಬೇಡಿ, ಸಂಬಳದಿಂದ ಮನೆಗೆ ಕಳಿಸಿದ ಹಣದ ಚೀಟಿಯ ಮೇಲೂ ನಂಬರಿರುತ್ತದೆ. ಫೋಟೊಗಳನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ, ಲಕೋಟೆಯ ಮೇಲೆ ‘ಸುಬೇದಾರರಿಗೆ’ ಎಂದು ಬರೆದರೆ ಸಾಕು.